ವಿಂಡೋಸ್ 10ಕ್ಕೆ ಆಂಟಿವೈರಸ್ ಒಂದೇ ಸಾಕಾ?

ಆರನೇ ತಲೆಮಾರಿನ ಐ5 ಲ್ಯಾಪ್‌ಟಾಪ್, ವಿಂಡೋಸ್ 10, ಆಂಟಿವೈರಸ್ ಇದೆ, ನೆಟ್‌ಬ್ಯಾಂಕಿಂಗ್ ಮಾಡಬಹುದಾ ಅಂತ ಕೇಳಿದ್ದೀರಿ. ಹೀಗೇ ಇಟ್ಟುಕೊಂಡು ಮಾಡಬೇಡಿ. 2025ರ ಅಕ್ಟೋಬರ್ 14ಕ್ಕೆ ಮಾಮೂಲಿ ಅಪ್‌ಡೇಟ್ ನಿಂತಿದೆ. ಆಂಟಿವೈರಸ್ ವೈರಸ್ ಹಿಡಿದೀತು, ವಿಂಡೋಸ್‌ನೊಳಗಿನ ತೂತು ಮುಚ್ಚುವುದಿಲ್ಲ. ವಿಂಡೋಸ್ 11ಕ್ಕೆ ಬರುವ ಪ್ಯಾಚ್ (ತೂತು ಮುಚ್ಚುವ ಅಪ್‌ಡೇಟ್) ಬಿಚ್ಚಿ ನೋಡಿದ ಕಳ್ಳನಿಗೆ 10ರಲ್ಲಿ ಎಲ್ಲಿ ಕೈಹಾಕಬೇಕೆಂದು ಗೊತ್ತಾಗಿಬಿಡುತ್ತದೆ.

ವಿಂಡೋಸ್ ಕೀ ಜೊತೆ R ಒತ್ತಿದರೆ ಬರುವ ರನ್ ಪೆಟ್ಟಿಗೆಯಲ್ಲಿ ವಿನ್‌ವರ್ (winver) ಕೊಟ್ಟು, ವಿಂಡೋಸ್ 10ರ 22ಎಚ್2 (22H2) ಆವೃತ್ತಿ ಇದೆಯಾ ನೋಡಿ. ಇಲ್ಲದಿದ್ದರೆ ಮೊದಲು ಅದಕ್ಕೆ ಏರಿಸಿ. ಆಮೇಲೆ ಸೆಟ್ಟಿಂಗ್ಸ್‌, ವಿಂಡೋಸ್ ಅಪ್‌ಡೇಟ್‌ನಲ್ಲಿ ‘ಎನ್‌ರೋಲ್ ನೌ’ ಒತ್ತಿ, ಹೆಚ್ಚುವರಿ ಭದ್ರತಾ ಅಪ್‌ಡೇಟ್ ಯೋಜನೆಗೆ ಸೇರಿಕೊಳ್ಳಿ. ಮೈಕ್ರೋಸಾಫ್ಟ್ ಅಕೌಂಟ್‌ನಿಂದ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದರೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಪ್ಯಾಚ್ ಪುಕ್ಕಟೆ. ಬರೀ ಲೋಕಲ್ ಅಕೌಂಟ್‌ಗೆ ಸಿಗದು.

ರಿಜಿಸ್ಟ್ರಿ (ವಿಂಡೋಸ್‌ನ ಒಳಗಿನ ಸೆಟ್ಟಿಂಗ್‌ಗಳ ಕಡತ) ತಿದ್ದಿ 11 ಹಾಕುವ ಯೂಟ್ಯೂಬ್ ಉಪಾಯ ನಂಬಬೇಡಿ. ನಿಮ್ಮ ಪ್ರೊಸೆಸರ್ 11ಕ್ಕೆ ಒಪ್ಪಿದವುಗಳ ಪಟ್ಟಿಯಲ್ಲಿಲ್ಲ, ಮುಂದೆ ಅಪ್‌ಡೇಟ್ ಬರುವ ಖಾತ್ರಿಯೂ ಇಲ್ಲ. ಬ್ರೌಸರ್ ಕೆಲಸವಷ್ಟೇ ಆದರೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಎಂಬ ಪುಕ್ಕಟೆ ಆಪರೇಟಿಂಗ್ ಸಿಸ್ಟಮ್ ಹಾಕಿ, 4 ಜಿಬಿ ರ‍್ಯಾಮ್‌ನಲ್ಲೂ ಆರಾಮಾಗಿ ಓಡುತ್ತದೆ.