ಗುಳ್ಳೆ ನಿಂತರೂ ಮೀಟರಿನಲ್ಲಿ 8 ಬ್ರಿಕ್ಸ್ ಯಾಕೆ?

ಪ್ರಶ್ನೆ: ಮನೆಯಲ್ಲೇ ಬೆಂಗಳೂರು ಬ್ಲೂ ದ್ರಾಕ್ಷಿಗೆ ಸಕ್ಕರೆ ಬೆರೆಸಿ ವೈನ್ ಹಾಕಿದ್ದೇನೆ. ಶುರುವಿನಲ್ಲಿ ಸಕ್ಕರೆ ಅಳೆಯುವ ರಿಫ್ರಾಕ್ಟೋಮೀಟರ್ 22 ಬ್ರಿಕ್ಸ್ (ಅಂದರೆ ನೂರು ಗ್ರಾಂ ರಸದಲ್ಲಿ 22 ಗ್ರಾಂ ಸಕ್ಕರೆ) ತೋರಿಸಿತ್ತು. ಈಗ ಗುಳ್ಳೆ ಏಳುವುದು ಪೂರ್ತಿ ನಿಂತಿದೆ, ಸಿಹಿಯೂ ಇಲ್ಲ. ಆದರೂ 8 ತೋರಿಸುತ್ತಿದೆ. ಆಲ್ಕೋಹಾಲ್ ಎಷ್ಟಿದೆ ಅಂತ ತಿಳಿಯೋದು ಹೇಗೆ? ಹೊರಗಿನ ಮದ್ಯ ಕಲಬೆರಕೆಯೋ ಅಂತಲೂ ಇದರಲ್ಲೇ ನೋಡಬಹುದಾ?
– ಓದುಗರೊಬ್ಬರು, ಮಡಿಕೇರಿ

ಉತ್ತರ: ನಿಮ್ಮ ನಾಲಿಗೆ ಹೇಳುತ್ತಿರುವುದೇ ಸರಿ. ರಿಫ್ರಾಕ್ಟೋಮೀಟರಿಗೆ ಸಕ್ಕರೆಯ ಗುರುತೇ ಇಲ್ಲ. ಹನಿಯೊಳಗೆ ಬೆಳಕು ಎಷ್ಟು ಬಾಗಿತು ಅಂತ ಮಾತ್ರ ಅದು ನೋಡುತ್ತದೆ. ಹಸಿ ರಸದಲ್ಲಿ ಬೆಳಕನ್ನು ಬಾಗಿಸುವುದು ಬಹುಪಾಲು ಸಕ್ಕರೆಯೇ. ಹಾಗಾಗಿ ನಿಮ್ಮ 22 ನಂಬುವಂಥದ್ದು. ಹುದುಗಿದ ಮೇಲೆ ಕತೆ ಬೇರೆ. ನೀರಿನ ವಕ್ರೀಭವನ ಸೂಚ್ಯಂಕ (ಬೆಳಕನ್ನು ಎಷ್ಟು ಬಾಗಿಸುತ್ತದೆ ಅನ್ನುವ ಅಳತೆ) 1.333, ವೈನಿನ ಆಲ್ಕೋಹಾಲ್ ಆದ ಎಥನಾಲ್‌ದು 1.361. ಅಂದರೆ ಆಲ್ಕೋಹಾಲ್ ಕೂಡ ಬೆಳಕನ್ನು ನೀರಿಗಿಂತ ಜಾಸ್ತಿ ಬಾಗಿಸುತ್ತದೆ. ಮೀಟರ್ ಅದನ್ನೂ ಸಕ್ಕರೆ ಅಂತಲೇ ಲೆಕ್ಕ ಹಾಕುತ್ತದೆ.

ಒಂದು ಹೈಡ್ರೋಮೀಟರ್ (ದ್ರವದಲ್ಲಿ ತೇಲಿಸಿ ಸಾಂದ್ರತೆ ಅಳೆಯುವ ಕೊಳವೆ) ತೆಗೆದುಕೊಳ್ಳಿ, ಬೆಲೆ ಜಾಸ್ತಿ ಏನಿಲ್ಲ. ಎಥನಾಲ್ ನೀರಿಗಿಂತ ಹಗುರ, ಸಕ್ಕರೆ ನೀರು ಭಾರ. ಇಲ್ಲಿ ಎರಡೂ ಎದುರುಬದುರು ಎಳೆಯುತ್ತವೆ. ವೈನನ್ನು ಚೆನ್ನಾಗಿ ಕಲಕಿ ಗ್ಯಾಸ್ ಹೋಗಲು ಬಿಡಿ, ಗಷ್ಟು ಕೆಳಗಿಳಿಯಲಿ, ಆಮೇಲೆ ನೋಡಿ. 0.995ರ (ನೀರಿಗೆ 1.000) ಆಸುಪಾಸು ಬಂದರೆ ಸಕ್ಕರೆ ಮುಗಿದಿದೆ, ಶುರುವಿನ 22 ಬ್ರಿಕ್ಸ್ ಲೆಕ್ಕಕ್ಕೆ ಆಲ್ಕೋಹಾಲ್ ಸುಮಾರು ಶೇ. 12 ಇದೆ ಅಂತ ತಿಳಿಯಿರಿ.

ನಾನು ಕೆಲಸ ಮಾಡುವ ವೈನರಿ ಲ್ಯಾಬಿನಲ್ಲೂ ಬೆಳಕಿನಿಂದಲೇ ಅಳೆಯುತ್ತೇವೆ, ಆದರೆ ಬೇರೆ ಥರ. ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು, 1200 ನ್ಯಾನೋಮೀಟರ್ ಸುತ್ತಮುತ್ತಲಿನದ್ದು, ವೈನಿನ ಮೂಲಕ ಹಾಯಿಸುತ್ತೇವೆ. ಎಥನಾಲ್‌ನಲ್ಲಿರುವ ಕಾರ್ಬನ್-ಹೈಡ್ರೋಜನ್ ಬಂಧಗಳು ಆ ಬೆಳಕನ್ನು ಹೀರುತ್ತವೆ. ಎಷ್ಟು ಹೀರಿತು ಅನ್ನುವುದರಿಂದ ಆಲ್ಕೋಹಾಲ್ ಎಷ್ಟು ಅಂತ ಸಿಗುತ್ತದೆ. ಸಕ್ಕರೆಯ ಗೊಂದಲ ಬಹಳ ಕಡಿಮೆ. ಮನೆ ವೈನಿಗೆ ಅಷ್ಟು ದುಬಾರಿ ಯಂತ್ರ ಖಂಡಿತ ಬೇಡ.

ನಿಮ್ಮ ಕೊನೆಯ ಪ್ರಶ್ನೆ ನೋಡಿ ನನಗೆ ಭಯವಾಯಿತು. ದಯವಿಟ್ಟು ಆ ಕೆಲಸ ಮಾಡಬೇಡಿ. ವಿಷವಾಗುವ ಮೆಥನಾಲ್‌ನ ಸೂಚ್ಯಂಕ 1.329, ನೀರಿನ ಪಕ್ಕದಲ್ಲೇ ಇದೆ. ಮದ್ಯದಲ್ಲಿ ಬೆರೆತಿದ್ದರೆ ನಿಮ್ಮ ಮೀಟರಿಗೆ ಅದು ಗೊತ್ತೇ ಆಗೋದಿಲ್ಲ. ಹೈಡ್ರೋಮೀಟರಿಗೂ ಅಷ್ಟೇ, ಎಥನಾಲ್, ಮೆಥನಾಲ್ ಎರಡರ ಸಾಂದ್ರತೆಯೂ ಹೆಚ್ಚುಕಮ್ಮಿ ಒಂದೇ. ವಾಸನೆ, ರುಚಿಯಿಂದಲೂ ಪತ್ತೆಯಾಗೋದಿಲ್ಲ. 1981ರಲ್ಲಿ ಬೆಂಗಳೂರಿನಲ್ಲಿ 300ಕ್ಕೂ ಹೆಚ್ಚು ಜನ ಸತ್ತದ್ದು ಇಂಥ ಮದ್ಯದಿಂದಲೇ. ಅದನ್ನು ಖಚಿತವಾಗಿ ಹೇಳಲು ಗ್ಯಾಸ್ ಕ್ರೊಮಾಟೋಗ್ರಫಿ (ದ್ರವವನ್ನು ಆವಿ ಮಾಡಿ ಅದರಲ್ಲಿರುವುದನ್ನು ಬೇರ್ಪಡಿಸಿ ಅಳೆಯುವ ವಿಧಾನ) ಇರುವ ಲ್ಯಾಬ್ ಬೇಕು. ಮೂಲ ಗೊತ್ತಿಲ್ಲದ ಬಾಟಲಿಯನ್ನು ಮುಟ್ಟಬೇಡಿ. ಯಾರಾದರೂ ಕುಡಿದು ಕಣ್ಣು ಮಂಜಾಗುತ್ತಿದೆ ಅಂದರೆ ಆ ಕ್ಷಣವೇ ಆಸ್ಪತ್ರೆಗೆ ಕರೆದೊಯ್ಯಿರಿ, ಬಾಟಲಿಯನ್ನೂ ಜೊತೆಗೆ ಒಯ್ಯಿರಿ.