ಕಳುವಲ್ರೀ, ಕೈಗಡ

ರಾಣೆಬೆನ್ನೂರಿನ ಹತ್ತಿರದ ಊರಿನಿಂದ ಒಬ್ಬ ವಿದ್ಯಾರ್ಥಿನಿ ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಅಪರಾಧಶಾಸ್ತ್ರದಲ್ಲಿ ಎಂ.ಎ. ಓದುತ್ತಿದ್ದಾರೆ. ಜೈಲಿಗೆ ಹೋಗಿ ಬಂದ 15 ಜನರನ್ನು ಮಾತಾಡಿಸಿ ಪ್ರಬಂಧ ಬರೆಯಬೇಕು ಅಂತ ಅವರ ಆಸೆ. ಆದರೆ 300 ಜನರ ಸರ್ವೆ ಮಾಡುತ್ತಿರುವ ಗೆಳತಿ ‘ಹರಟೆ ಹೊಡೆದರೆ ಅದು ರಿಸರ್ಚಾ?’ ಅಂತ ನಗುತ್ತಾಳಂತೆ. ಅಪ್ಪ ‘ಪಿಎಸ್‌ಐ ಪರೀಕ್ಷಾಕ್ಕ ಬರತೈತಿ ಅಂದ್ರ ಓದು, ಇಲ್ಲಾಂದ್ರ ಬಿ.ಎಡ್. ಮಾಡು’ ಅನ್ನುತ್ತಾರಂತೆ. ಪತ್ರದಲ್ಲಿ ಮೂರು ಪ್ರಶ್ನೆಗಳಿವೆ. ಇಷ್ಟು ಕಡಿಮೆ ಜನ ಸಾಕಾ? ಅವರು ಸುಳ್ಳು ಹೇಳಿದರೆ ಏನು ಮಾಡೋದು? ಹೆಸರು ಬದಲಿಸಿದರೆ ಸಾಕಲ್ವಾ? ಜೊತೆಗೆ ತಾವು ಕೇಳಬೇಕೆಂದಿರುವ 42 ಪ್ರಶ್ನೆಗಳ ಪಟ್ಟಿಯನ್ನೂ ಇಟ್ಟು, ‘ನೀವು ಕ್ರೈಂ ವರದಿ ಮಾಡಿದವರು, ನಿಮಗೆ ಗೊತ್ತಿರುತ್ತೆ’ ಅಂತ ಕೊನೆಗೆ ಸ್ವಲ್ಪ ಬೆಣ್ಣೆಯನ್ನೂ ಹಚ್ಚಿದ್ದಾರೆ.

ಹೆಸರು ಹಾಕಬೇಡಿ ಎಂದಿದ್ದೀರಿ. ಹಾಗಾಗಿ ತಂಗಿ ಎಂದೇ ಕರೆಯುತ್ತೇನೆ.

ಮೊದಲು ನಿಮ್ಮ ತಂದೆಯವರ ಮಾತು ಮುಗಿಸಿಬಿಡೋಣ. ಪಿಎಸ್‌ಐ ಆಗೋಕೆ ಯಾವ ಡಿಗ್ರಿ ಆದರೂ ನಡೆಯುತ್ತದೆ. ಅದಕ್ಕಾಗಿ ಇದನ್ನೇ ಓದಬೇಕಿಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ಮೈಸೂರಿನ ಮಹಾರಾಜ ಕಾಲೇಜು, ಮಂಗಳೂರಿನ ರೋಶನಿ ನಿಲಯ ಇಲ್ಲೆಲ್ಲ ಅಪರಾಧಶಾಸ್ತ್ರದ ಜೊತೆಗೆ ಫೊರೆನ್ಸಿಕ್ಕೂ ಇದೆ. ಅದಕ್ಕೇ ಜನ ಎರಡೂ ಒಂದೇ ಅಂದುಕೊಳ್ಳುತ್ತಾರೆ. ಫೊರೆನ್ಸಿಕ್‌ನವರು ರಕ್ತದ ಕಲೆ ನೋಡುತ್ತಾರೆ, ಬೆರಳಚ್ಚು ನೋಡುತ್ತಾರೆ. ನೀವು ನೋಡಬೇಕಾದ್ದು ಮನುಷ್ಯರನ್ನು, ಜೊತೆಗೆ ಅವರಿಗೆ ಅಪರಾಧಿ ಅಂತ ಹೆಸರಿಟ್ಟ ವ್ಯವಸ್ಥೆಯನ್ನು. ಕೆಲಸ ಸಿಗುತ್ತಾ ಅಂದರೆ, ಸಾಲುಗಟ್ಟಿ ಕಾಯುತ್ತಿಲ್ಲ, ನಿಜ. ಆದರೆ ಒಂದು ಹೊಸ ಬಾಗಿಲು ತೆರೆದಿದೆ. 2022ರ ಮೇ ತಿಂಗಳಲ್ಲಿ ಮನೋಜ್ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಮರಣದಂಡನೆಯ ಬಗ್ಗೆ ಒಂದು ಮುಖ್ಯ ಮಾತು ಹೇಳಿತು. ಆರೋಪಿ ಬೆಳೆದ ಮನೆ, ಓದು, ಮನಸ್ಸಿನ ಸ್ಥಿತಿ ಇವೆಲ್ಲದರ ಮಾಹಿತಿ ವಿಚಾರಣಾ ನ್ಯಾಯಾಲಯದ ಮುಂದೆಯೇ ಬರಬೇಕು ಎಂದಿತು. ಆ ಮಾಹಿತಿ ಕಡತದಲ್ಲಿ ಸಿಗುವುದಿಲ್ಲ. ಯಾರಾದರೂ ಹೋಗಿ ಆ ಮನುಷ್ಯನ ತಾಯಿಯನ್ನು, ಮೇಷ್ಟ್ರನ್ನು, ಪಕ್ಕದ ಮನೆಯವರನ್ನು ಗಂಟೆಗಟ್ಟಲೆ ಮಾತಾಡಿಸಬೇಕು. ನೀವು ಕಲಿಯಬೇಕೆಂದಿರುವುದು ಇದೇ ವಿದ್ಯೆ. ತಂದೆಯವರಿಗೆ ಇದನ್ನು ಹೇಳಿ ನೋಡಿ.

ಇನ್ನು ನಿಮ್ಮ ಗೆಳತಿ. ಅವರ 300ಕ್ಕೂ ನಿಮ್ಮ 15ಕ್ಕೂ ಜಗಳವೇ ಇಲ್ಲ. ಎಷ್ಟು ಅನ್ನೋದು ಅವರ ಪ್ರಶ್ನೆ, ಹೇಗೆ ಅನ್ನೋದು ನಿಮ್ಮದು. ‘ಕ್ರೈಂ ಇನ್ ಇಂಡಿಯಾ’ ಅನ್ನುವ ಸರ್ಕಾರಿ ಅಂಕಿಅಂಶದ ಪುಸ್ತಕ 1953ರಿಂದ ಬರುತ್ತಿದೆ. ಅದನ್ನು ತಿರುವಿ ಹಾಕಿದರೆ ಎಷ್ಟು ಕಳವು ಕೇಸು ದಾಖಲಾದವು ಅಂತ ಗೊತ್ತಾಗುತ್ತದೆ, ಅದೂ ಠಾಣೆಯ ಮೆಟ್ಟಿಲು ಹತ್ತಿದವು ಮಾತ್ರ. ಒಬ್ಬ ಮನುಷ್ಯ ಮೊದಲ ಸಲ ಕೈ ಹಾಕುವ ಮುಂಚಿನ ರಾತ್ರಿ ಏನು ಯೋಚಿಸುತ್ತಿದ್ದ ಅನ್ನೋದು ಅದರಲ್ಲಿಲ್ಲ. ಅದೇ 1953ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞ ಹವರ್ಡ್ ಬೆಕರ್ ಗಾಂಜಾ ಸೇದುವ ಬರೀ 50 ಜನರನ್ನು ಮಾತಾಡಿಸಿ ಒಂದು ಲೇಖನ ಬರೆದರು. ಸ್ವತಃ ಜಾಝ್ ಪಿಯಾನೊ ನುಡಿಸುತ್ತಿದ್ದವರು, ಹಾಗಾಗಿ ಸಂಗೀತಗಾರರ ಸಂಗ ಹೇಗೂ ಇತ್ತು. ಸೇದೋದು, ಅಮಲನ್ನು ಗುರುತಿಸೋದು, ಅದು ಸುಖ ಅಂತ ಒಪ್ಪಿಕೊಳ್ಳೋದು, ಇವನ್ನೆಲ್ಲ ಜನ ಜೊತೆಯವರಿಂದ ಕಲಿಯುತ್ತಾರೆ ಅಂತ ತೋರಿಸಿದರು. ಎಪ್ಪತ್ತು ವರ್ಷ ಆದರೂ ಆ ಲೇಖನವನ್ನು ಓದುತ್ತಾರೆ.

15 ಸಾಕಾ ಅನ್ನೋದಕ್ಕೆ ಸ್ವಲ್ಪ ಲೆಕ್ಕವೂ ಇದೆ. ಗ್ರೆಗ್ ಗೆಸ್ಟ್ ಮತ್ತು ಜೊತೆಗಾರರು ಘಾನಾ, ನೈಜೀರಿಯಾಗಳಲ್ಲಿ ಮಾಡಿದ 60 ಸಂದರ್ಶನಗಳನ್ನು ಇಟ್ಟುಕೊಂಡು, ಹೊಸ ವಿಷಯ ಬರೋದು ಎಲ್ಲಿಗೆ ನಿಲ್ಲುತ್ತದೆ ಅಂತ ನೋಡಿದರು. ಮೊದಲ 12ರೊಳಗೇ ಹೆಚ್ಚುಕಡಿಮೆ ಎಲ್ಲ ಬಂದಿತ್ತು. ಇದು 2006ರ ಮಾತು. ಆಮೇಲೆ ಎಲ್ಲರೂ ಈ 12ನ್ನು ಮಂತ್ರದ ಹಾಗೆ ಜಪಿಸತೊಡಗಿದರು. ಆದರೆ ಅವರು ಮಾತಾಡಿಸಿದ್ದು ಹೆಚ್ಚುಕಡಿಮೆ ಒಂದೇ ಥರದ ಬದುಕಿನ ಹೆಂಗಸರನ್ನು, ಕೇಳಿದ್ದು ಒಂದೇ ಥರದ ಪ್ರಶ್ನೆಗಳನ್ನು. ನೀವು ಜೇಬುಗಳ್ಳ, ಹೊಲದ ಬದುವಿಗೆ ಕೊಡಲಿ ಎತ್ತಿದವ, ಚೀಟಿ ಹಣ ನುಂಗಿದವ ಎಲ್ಲರನ್ನೂ ಒಂದೇ ಬುಟ್ಟಿಗೆ ಹಾಕಿದರೆ 15 ಅಲ್ಲ, 150 ಜನರೂ ಸಾಲುವುದಿಲ್ಲ. ಯಾವುದಾದರೂ ಒಂದನ್ನು ಹಿಡಿಯಿರಿ.

ಈಗ ಸುಳ್ಳಿನ ವಿಷಯ. ನಾನು ಉತ್ತರ ಬರೆಯಲು ಕೂತದ್ದೇ ಇದಕ್ಕಾಗಿ.

ಮೂವತ್ತು ವರ್ಷದ ಹಿಂದೆ ನಾನು ಒಂದು ಜಿಲ್ಲಾ ಪತ್ರಿಕೆಯಲ್ಲಿ ವರದಿಗಾರ. ಸೊಸೈಟಿಯ ದುಡ್ಡು ತಿಂದು ಜೈಲಿಗೆ ಹೋಗಿ ಬಂದಿದ್ದ ಒಬ್ಬ ಸೆಕ್ರೆಟರಿಯನ್ನು ಮಾತಾಡಿಸಲು ಹೋದೆ. ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದರು. ಬೆಲ್ಟು ನಿಲ್ಲಿಸಿ, ಹೆಗಲ ಟವೆಲ್ಲಿನಿಂದ ಕೈ ಒರೆಸಿಕೊಂಡು, ಚಹಾ ತರಿಸಿದರು. ‘ಯಾಕೆ ಕದ್ರಿ?’ ಅಂತ ನೇರವಾಗಿ ಕೇಳಿದೆ. ಅವರು ಬಹಳ ಹೊತ್ತು ಲೋಟ ನೋಡಿದರು. ಆಮೇಲೆ ಅಂದರು: ‘ಕಳುವಲ್ರೀ. ಕೈಗಡ ತಗೊಂಡಿದ್ದೆ. ಸುಗ್ಗಿ ಆದಮ್ಯಾಲ ಇಟ್ಟುಬಿಡಾಂವ ಇದ್ದೆ.’

ಎಂಥ ಹಸಿ ಸುಳ್ಳು ಅಂದುಕೊಂಡೆ. ‘ಇನ್ನೂ ತಪ್ಪೊಪ್ಪಿಕೊಳ್ಳದ ವಂಚಕ’ ಅಂತ ಬರೆದೆ. ಹೆಡ್ಡಿಂಗೂ ಹಾಗೇ ಹೋಯಿತು.

ಅಮೆರಿಕದ ಅಪರಾಧಶಾಸ್ತ್ರಜ್ಞ ಡೊನಾಲ್ಡ್ ಕ್ರೆಸಿ ಅವರ ಕೆಲಸ ನನ್ನ ಕೈಗೆ ಸಿಕ್ಕಿದ್ದು ಬಹಳ ವರ್ಷಗಳ ಮೇಲೆ. ನಂಬಿ ಕೈಗೆ ಕೊಟ್ಟ ದುಡ್ಡನ್ನು ತಿಂದು ಜೈಲು ಸೇರಿದ್ದ 133 ಜನರನ್ನು ಅವರು ಇಲಿನಾಯ್, ಕ್ಯಾಲಿಫೋರ್ನಿಯಾ, ಇಂಡಿಯಾನಾಗಳ ಜೈಲುಗಳಲ್ಲಿ ಮಾತಾಡಿಸಿದ್ದರು. ಪುಸ್ತಕ 1953ರಲ್ಲೇ ಬಂದಿತ್ತು. ಕೆಲಸ ಶುರು ಮಾಡುವಾಗ ಅವರಿಗೊಂದು ಊಹೆ ಇತ್ತು. ಅದಕ್ಕೆ ಹೊಂದದ ಒಬ್ಬ ಮನುಷ್ಯ ಸಿಕ್ಕಿದ. ಊಹೆ ಬದಲಿಸಿದರು. ಮತ್ತೊಬ್ಬ ಹೊಂದಲಿಲ್ಲ. ಮತ್ತೆ ಬದಲಿಸಿದರು. ಹೊಂದದವನನ್ನು ಪಕ್ಕಕ್ಕೆ ತಳ್ಳಲಿಲ್ಲ, ಗಮನಿಸಿ. ಸರ್ವೆಯಲ್ಲಿ ಅಂಥವನೊಬ್ಬ ಲೆಕ್ಕಕ್ಕೇ ಬರುವುದಿಲ್ಲ. ಸಂದರ್ಶನದಲ್ಲಿ ಅವನೇ ನಿಮ್ಮ ಮೇಷ್ಟ್ರು. ಕೊನೆಗೆ ಕ್ರೆಸಿ ಮೂರು ವಿಷಯಕ್ಕೆ ಬಂದು ನಿಂತರು. ಯಾರ ಹತ್ತಿರವೂ ಹೇಳಿಕೊಳ್ಳಲಾಗದ ಒಂದು ಹಣದ ತೊಂದರೆ. ಆ ತೊಂದರೆಯನ್ನು ಗುಟ್ಟಾಗಿ ನೀಗಿಸಿಕೊಳ್ಳುವ ಅವಕಾಶ. ಮೂರನೆಯದು, ಕೈ ಹಾಕುವ ಮುಂಚೆಯೇ ತನಗೆ ತಾನು ಹೇಳಿಕೊಳ್ಳುವ ಒಂದು ಮಾತು. ‘ಕದಿಯುತ್ತಿಲ್ಲ, ಸಾಲ ತಗೊಳ್ತಿದ್ದೀನಿ’ ಅನ್ನುವಂಥದ್ದು.

ಓದಿ ಪುಸ್ತಕ ಮುಚ್ಚಿಟ್ಟೆ. ಗಿರಣಿಯವರು ನನಗೆ ಹೇಳಿದ್ದು ಸುಳ್ಳಾಗಿರಲಿಲ್ಲ. ದುಡ್ಡು ತೆಗೆದ ದಿನ ತಮಗೇ ಹೇಳಿಕೊಂಡ ಮಾತನ್ನು ಹಾಗ್ಹಾಗೇ ನನ್ನ ಮುಂದೆ ಇಟ್ಟಿದ್ದರು. ಅದರಲ್ಲೂ ಸಾಲ ಅನ್ನಲಿಲ್ಲ ನೋಡಿ, ಕೈಗಡ ಅಂದರು. ಸಾಲಕ್ಕೆ ಬಡ್ಡಿ ಇರುತ್ತದೆ, ಪತ್ರ ಇರುತ್ತದೆ. ಕೈಗಡಕ್ಕೆ ಅದೇನೂ ಇಲ್ಲ. ಗೊತ್ತಿದ್ದವರ ನಡುವೆ, ಸುಮ್ನೆ ನಾಲ್ಕು ದಿನದ ಮಟ್ಟಿಗೆ ಕೈ ಬದಲಾಗುವ ದುಡ್ಡು ಅದು. ಇಡೀ ಊರೇ ಗೊತ್ತಿದ್ದ ಊರಲ್ಲಿ, ಬೀಗದ ಕೈ ತನ್ನ ಹತ್ತಿರವೇ ಇದ್ದ ಮನುಷ್ಯ, ಆ ಒಂದು ಪದದಿಂದ ಕಳವನ್ನು ನೆರೆಹೊರೆಯ ವ್ಯವಹಾರ ಮಾಡಿಕೊಂಡಿದ್ದ. ಇನ್ನೊಂದು ಮಾತನ್ನೂ ಆ ದಿನ ಹೇಳಿದ್ದರು, ನಾನು ಬರೆದುಕೊಂಡಿರಲಿಲ್ಲ. ಓಸಿಯಲ್ಲಿ, ಅಂದರೆ ಮಟ್ಕಾ ಜೂಜಿನಲ್ಲಿ, ಹೋದ ದುಡ್ಡಂತೆ ಅದು. ಭಾವನನ್ನು ಕೇಳಿದ್ದರೆ ಅವರೇ ಕೊಡುತ್ತಿದ್ದರಂತೆ. ಆದರೆ ಓಸಿ ಆಡ್ತೀನಿ ಅಂತ ಭಾವನ ಮುಂದೆ ಹೇಳೋದು ಹೇಗೆ? ಕ್ರೆಸಿ ಹೇಳಿದ ಮೊದಲನೇ ವಿಷಯ ಇದೇ ಅಲ್ವಾ? ದುಡ್ಡು ಇಲ್ಲದ್ದು ಅಲ್ಲ, ಹೇಳಲಾಗದ್ದು.

ಆಮೇಲೆ 1957ರಲ್ಲಿ ಗ್ರೆಶಮ್ ಸೈಕ್ಸ್ ಮತ್ತು ಡೇವಿಡ್ ಮಾಟ್ಜಾ ಇಂಥ ಮಾತುಗಳನ್ನು ಐದು ಬಗೆಯಾಗಿ ವಿಂಗಡಿಸಿದರು. ‘ನನ್ನ ಕೈಲಿರಲಿಲ್ಲ’, ‘ಯಾರಿಗೇನು ನಷ್ಟ ಆಯ್ತು’, ‘ಅವನಿಗೆ ಹಾಗೇ ಆಗಬೇಕಿತ್ತು’, ‘ಹಿಡಿದವರೇನು ಸಾಚಾನಾ’, ‘ನಮ್ಮವರಿಗೋಸ್ಕರ ಮಾಡಿದೆ’. ನಮ್ಮ ಊರಿನ ಕಟ್ಟೆ ಮೇಲೆ ಅರ್ಧ ಗಂಟೆ ಕೂತರೆ ಐದೂ ಕಿವಿಗೆ ಬೀಳುತ್ತವೆ.

ಹಾಗಾಗಿ ಸುಳ್ಳೋ ನಿಜವೋ ಅಂತ ಪತ್ತೆ ಹಚ್ಚೋದು ನಿಮ್ಮ ಕೆಲಸ ಅಂದುಕೊಳ್ಳಬೇಡಿ. ಅದಕ್ಕೆ ಪೊಲೀಸರಿದ್ದಾರೆ, ಕೋರ್ಟಿದೆ. ತಾರೀಖು, ಶಿಕ್ಷೆ, ಮೊತ್ತ ಇಂಥವನ್ನು ತೀರ್ಪಿನ ಪ್ರತಿ ತೆಗೆಸಿ ತಾಳೆ ನೋಡಿ. ಮಿಕ್ಕಿದ್ದನ್ನು ಅವರು ಹೇಗೆ ಕಟ್ಟಿ ಹೇಳುತ್ತಾರೆ ಅನ್ನೋದನ್ನು ಕೇಳಿಸಿಕೊಳ್ಳಿ. ಕಡತಕ್ಕೂ ಅವರ ಮಾತಿಗೂ ಎಲ್ಲಿ ಹೊಂದುವುದಿಲ್ಲವೋ ಅಲ್ಲಿ ಗುರುತು ಹಾಕಿಕೊಳ್ಳಿ. ಅಧ್ಯಾಯ ಸಿಗೋದು ಅಲ್ಲೇ.

‘ಯಾಕೆ’ ಅಂತ ಕೇಳಬೇಡಿ. ನಾನು ಮಾಡಿದ ತಪ್ಪು ಅದೇ. ಯಾಕೆ ಅಂತ ಕೇಳಿದರೆ ಜನ ಸಮಜಾಯಿಷಿ ಕೊಡುತ್ತಾರೆ, ಹೇಗಾಯ್ತು ಅಂತ ಕೇಳಿದರೆ ಕಥೆ ಹೇಳುತ್ತಾರೆ ಅಂತ ಅದೇ ಬೆಕರ್ ವಯಸ್ಸಾದ ಮೇಲೆ ಬರೆದರು. ‘ಯಾಕೆ ಮಾಡಿದೆ’ ಅಂತ ಆ ಮನುಷ್ಯನನ್ನು ಪೊಲೀಸರು ಕೇಳಿದ್ದಾರೆ, ಜಡ್ಜ್ ಕೇಳಿದ್ದಾರೆ, ಹೆತ್ತವಳು ಅತ್ತು ಕೇಳಿದ್ದಾಳೆ. ಉತ್ತರ ಸವೆದು ನುಣ್ಣಗಾಗಿರುತ್ತದೆ. ‘ಆ ದಿನ ಬೆಳಿಗ್ಗೆ ಎದ್ದಾಗಿಂದ ಹೇಳ್ರಿ’ ಅನ್ನಿ, ಸುಮ್ಮನಿರಿ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ರಿಚರ್ಡ್ ರೈಟ್ ಮತ್ತು ಸ್ಕಾಟ್ ಡೆಕರ್ ಇನ್ನೂ ಕನ್ನ ಹಾಕುತ್ತಲೇ ಇದ್ದ 105 ಜನರನ್ನು ಮಾತಾಡಿಸಿದರು. ಕೆಲವರನ್ನು ಅವರೇ ಕನ್ನ ಹಾಕಿದ್ದ ಮನೆಗಳ ಹತ್ತಿರಕ್ಕೇ ಕರೆದುಕೊಂಡು ಹೋದರು. ಕೂತು ಹೇಳುವಾಗ ಮರೆತದ್ದು ಬಾಗಿಲ ಮುಂದೆ ನಿಂತಾಗ ನೆನಪಾಗುತ್ತದೆ. ನೀವು ಹಾಗೆಲ್ಲ ಹೋಗಬೇಡಿ, ಮಾರಾಯ್ತಿ. ಪ್ರಶ್ನೆ ಅಷ್ಟು ಹತ್ತಿರದಲ್ಲಿರಲಿ ಅಂತ ಹೇಳಿದೆ.

ರೆಕಾರ್ಡ್ ಮಾಡಿದ್ದನ್ನು ಅವರ ಮಾತಿನಲ್ಲೇ ಬರೆದಿಡಿ. ‘ಇಟ್ಟುಬಿಡಾಂವ ಇದ್ದೆ’ ಅಂದಿದ್ದರೆ ‘ಹಿಂದಿರುಗಿಸುವವನಿದ್ದೆ’ ಅಂತ ತಿದ್ದಬೇಡಿ. ಒಂದು ಗಂಟೆಯ ಮಾತು ಬರೆಯಲು ಒಂದು ದಿನ ಹಿಡಿದರೂ ಹಿಡಿಯಲಿ. ಪ್ರಬಂಧ ಇಂಗ್ಲಿಷಿನಲ್ಲಿ ಆಗಬೇಕು ಅಂತ ಗೈಡ್ ಹೇಳಿದರೂ, ವಿಂಗಡಣೆ ಮುಗಿಯುವ ತನಕ ಕನ್ನಡದಲ್ಲೇ ಇರಿ. ಕೈಗಡವನ್ನು ಮೊದಲೇ ‘ಲೋನ್’ ಮಾಡಿಬಿಟ್ಟರೆ ನಿಮ್ಮ ಕೈಗೆ ಬಂದದ್ದು ಹೋಯಿತು.

ಹೆಸರಿನ ವಿಷಯಕ್ಕೆ ಬರುತ್ತೇನೆ. ನನ್ನ ವರದಿಯಲ್ಲಿ ಅವರ ಹೆಸರು ಬದಲಿಸಿದ್ದೆ, ಊರಿನ ಹೆಸರೂ ಹಾಕಿರಲಿಲ್ಲ. ಬಹಳ ಜಾಣ ಅಂದುಕೊಂಡಿದ್ದೆ. ವಾರ ಕಳೆದ ಮೇಲೆ ಅವರು ಆಫೀಸಿಗೆ ಬಂದರು. ಮಡಚಿದ ಪೇಪರನ್ನು ಟೇಬಲ್ ಮೇಲಿಟ್ಟರು. ಅದಕ್ಕೂ ಜೋಳದ ಹಿಟ್ಟು ಅಂಟಿತ್ತು. ‘ಹೆಸರು ಬದಲ್ ಮಾಡೀರಿ ಸಾಹೇಬ್ರ, ಗಿರಣಿ ಬದಲ್ ಮಾಡ್ಲಿಲ್ಲ’ ಅಂದರು. ಆ ಊರಲ್ಲಿ ಇದ್ದದ್ದು ಎರಡೇ ಗಿರಣಿ. ಚಹಾ ಕುಡೀರಿ ಅಂದೆ. ಬ್ಯಾಡ್ರಿ ಅಂತ ಎದ್ದು ಹೋದರು. ಇಲ್ಲಿ ಬರೆಯುವಾಗಲೂ ಒಂದೆರಡು ವಿವರ ಬದಲಿಸಿದ್ದೇನೆ. ಯಾವುದು ಅಂತ ಕೇಳಬೇಡಿ.

ಕಾನೂನಿನ ಕಡೆಯಿಂದಲೂ ಹುಷಾರಾಗಿರಬೇಕು. ‘ನೀವು ಹೇಳಿದ್ದು ನನ್ನಲ್ಲೇ ಇರುತ್ತೆ’ ಅಂತ ಮಾತು ಕೊಡೋದು ಸುಲಭ. ವಕೀಲರಿಗೆ ಇರುವಂಥ ರಕ್ಷಣೆ ಸಂಶೋಧಕರಿಗೆ ನಮ್ಮ ಕಾನೂನಿನಲ್ಲಿ ಇಲ್ಲ. ಬೇರೆ ಕಡೆಯೂ ಕಷ್ಟವೇ. ರಿಕ್ ಸ್ಕಾರ್ಸ್ ಅನ್ನುವ ಅಮೆರಿಕದ ಪಿಎಚ್.ಡಿ. ವಿದ್ಯಾರ್ಥಿ ತನ್ನ ಸಂಶೋಧನೆಯಲ್ಲಿ ಸಿಕ್ಕವರ ಬಗ್ಗೆ ಬಾಯಿ ಬಿಡಲಿಲ್ಲ ಅಂತ 1993ರಲ್ಲಿ 159 ದಿನ ಜೈಲಿನಲ್ಲಿದ್ದರು. ಬಾಸ್ಟನ್ ಕಾಲೇಜಿನವರು 2001ರಿಂದ ಉತ್ತರ ಐರ್ಲೆಂಡಿನ ಹಳೇ ಬಂಡುಕೋರರ ಮಾತುಗಳನ್ನು, ಸಾಯುವ ತನಕ ಹೊರಗೆ ಬಿಡೋದಿಲ್ಲ ಅಂತ ಭಾಷೆ ಕೊಟ್ಟು, ರೆಕಾರ್ಡ್ ಮಾಡಿಸಿದ್ದರು. 2011ರಲ್ಲಿ ಪೊಲೀಸರು ಕೋರ್ಟ್ ಮೂಲಕ ಕೇಳಿದರು. ಕೆಲವು ಟೇಪುಗಳನ್ನು ಕೊಡಲೇಬೇಕಾಯಿತು. ನಮ್ಮಲ್ಲಿ ಪೋಕ್ಸೋ ಕಾಯ್ದೆಯ 19ನೇ ಕಲಂ ಪ್ರಕಾರ ಮಗುವಿನ ಮೇಲಿನ ಲೈಂಗಿಕ ಅಪರಾಧ ಗೊತ್ತಾದ ಯಾರೇ ಆಗಲಿ ತಿಳಿಸಲೇಬೇಕು. ಕೊಲೆ, ದರೋಡೆಯಂಥವಕ್ಕೆ ಸಿಆರ್‌ಪಿಸಿಯ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್‌ನ 33ನೇ ಕಲಂ ಇದೆ. ಹಾಗಾಗಿ ಮಾತು ಶುರು ಮಾಡುವ ಮುಂಚೆಯೇ ಹೇಳಿಬಿಡಿ: ‘ಕೋರ್ಟಿನಲ್ಲಿ ಮುಗಿದ ಕೇಸಿನ ಬಗ್ಗೆ ಮಾತ್ರ ಹೇಳ್ರಿ. ಬೇರೆಯವರ ಹೆಸರು ತೆಗೀಬ್ಯಾಡ್ರಿ.’ ಮಾತು ಅತ್ತ ಕಡೆ ಹೊರಳಿದರೆ ರೆಕಾರ್ಡರ್ ನಿಲ್ಲಿಸಿ ಮತ್ತೊಮ್ಮೆ ಹೇಳಿ.

ಜೈಲಿನ ಒಳಗೇ ಹೋಗಿ ಮಾತಾಡಿಸುವ ಆಸೆಯನ್ನೂ ಬರೆದಿದ್ದೀರಿ. ಮೊದಲನೇ ಸಲ ಬೇಡ. ಅನುಮತಿಗೆ ಅಲೆಯೋದರಲ್ಲೇ ಸೆಮಿಸ್ಟರ್ ಮುಗಿಯುತ್ತದೆ. ಅದಕ್ಕಿಂತ ಹೆಚ್ಚಾಗಿ, ವಾರ್ಡರ್ ಬಾಗಿಲಲ್ಲಿ ನಿಂತಿರುವಾಗ ‘ನನಗೆ ಮಾತಾಡೋಕೆ ಇಷ್ಟವಿಲ್ಲ’ ಅನ್ನುವ ಧೈರ್ಯ ಕೈದಿಗೆ ಎಲ್ಲಿಂದ ಬರಬೇಕು?

ಪತ್ರದಲ್ಲಿ ನೀವು ಸುಮ್ನೆ ಹೇಳಿ ಮುಂದೆ ಹೋದ ಒಂದು ಸಾಲು ನನ್ನನ್ನು ತಡೆಯಿತು. ‘ಪರಿಚಯದ ಪೇದೆಯೊಬ್ಬರು ಹಳೇ ಕಳ್ಳರ ಪಟ್ಟಿ ಕೊಡುತ್ತಾರೆ’ ಅಂತ. ಹುಬ್ಬಳ್ಳಿಗೆ ಹೋದಾಗ ಸೆಟ್ಲಮೆಂಟ್ ಅನ್ನುವ ಜಾಗ ನೋಡಿರುತ್ತೀರಿ. ಗದಗ-ಬೆಟಗೇರಿಯಲ್ಲೂ ಇದೆ. ಆ ಹೆಸರು ಬಂದದ್ದು ಬ್ರಿಟಿಷರು 1871ರಲ್ಲಿ ಮಾಡಿದ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯಿಂದ. ಇಡೀ ಜಾತಿಯನ್ನೇ ಹುಟ್ಟಾ ಕಳ್ಳರು ಅಂತ ಬರೆದು, ಬೇಲಿ ಹಾಕಿ, ಹಾಜರಿ ತೆಗೆದುಕೊಳ್ಳುತ್ತಿದ್ದರು. 1952ರಲ್ಲಿ ಆ ಕಾಯ್ದೆ ಹೋಯಿತು. ಠಾಣೆಯ ಪಟ್ಟಿಗಳ ಅಭ್ಯಾಸ ಅಷ್ಟು ಬೇಗ ಹೋಗಲಿಲ್ಲ. ಪೇದೆಯವರ ಪಟ್ಟಿಯಲ್ಲಿ ಇರೋರು ಕದ್ದವರೋ ಅಥವಾ ಪ್ರತಿ ಕಳವಿಗೂ ಮೊದಲು ಕರೆತರಲ್ಪಡುವವರೋ? ಅಲ್ಲಿಂದ ಶುರು ಮಾಡಿದರೆ ನಿಮ್ಮ ಪ್ರಬಂಧ ಆ ಪಟ್ಟಿಯನ್ನೇ ಇನ್ನೊಂದು ಸಲ ಬರೆದ ಹಾಗಾಗುತ್ತದೆ. ಅಲ್ಲದೆ ಪೇದೆಯ ಜೊತೆ ಬಂದವರಿಗೆ ಯಾರೂ ‘ಕೈಗಡ’ ಅನ್ನುವುದಿಲ್ಲ, ‘ತಪ್ಪಾಯ್ತು’ ಅನ್ನುತ್ತಾರೆ. ಉಚಿತ ಕಾನೂನು ನೆರವಿನ ವಕೀಲರನ್ನು ಕೇಳಿ. ಒಬ್ಬರು ಸಿಕ್ಕರೆ ಅವರೇ ಇನ್ನೊಬ್ಬರನ್ನು ತೋರಿಸುತ್ತಾರೆ.

ನಿಮ್ಮ 42 ಪ್ರಶ್ನೆಗಳ ಪಟ್ಟಿಯನ್ನು ಟಪಾಲಿನಲ್ಲಿ ವಾಪಸ್ ಕಳಿಸಿದ್ದೇನೆ. ಕೆಂಪು ಜಾಸ್ತಿ ಕಂಡರೆ ಬೇಜಾರು ಮಾಡಿಕೊಳ್ಳಬೇಡಿ. ಮೊದಲನೇ ಪ್ರಶ್ನೆ ಜಾತಿ, ಎರಡನೆಯದು ‘ಅಪರಾಧಕ್ಕೆ ಕಾರಣವೇನು?’. ಎರಡನ್ನೂ ಹೊಡೆದು ಹಾಕಿದ್ದೇನೆ. 17ನೆಯದು, ‘ಪಶ್ಚಾತ್ತಾಪ ಇದೆಯೇ? ಹೌದು/ಇಲ್ಲ’ ಅನ್ನೋದು, ನಿಮ್ಮ ಗೆಳತಿಯ ಸರ್ವೆಗೆ ಕೊಟ್ಟುಬಿಡಿ. ಹೊಡೆಯದೆ ಉಳಿಸಿದ್ದು ಆರು. ಅದರಲ್ಲಿ 31ನೆಯದು ನನಗೆ ಬಹಳ ಹಿಡಿಸಿತು: ‘ಮನೆಗೆ ವಾಪಸ್ ಬಂದ ದಿನ ಬಾಗಿಲು ಯಾರು ತೆಗೆದರು?’ ಅದನ್ನು ಮೇಲಕ್ಕೆ ತನ್ನಿ.