ಕೊಳದಲ್ಲಿ ಸಲೀಸು, ಸಮುದ್ರದಲ್ಲಿ ದಾರಿ ತಪ್ಪೋದು ಯಾಕೆ?
ಕೊಳದಲ್ಲಿ 3 ಕಿ.ಮೀ. ಆರಾಮಾಗಿ ಈಜುವವರು ಸಮುದ್ರದಲ್ಲಿ ಮಾತ್ರ ಬಲಕ್ಕೆ ವಾಲಿ ಸುಸ್ತಾಗುತ್ತೀರಿ ಅಂದರೆ, ಅದು ದಮ್ಮಿನ ಸಮಸ್ಯೆ ಅಲ್ಲ. ಬಹುಶಃ ನೀವು ಮುಂದೆ ನೋಡದೆ ಈಜುತ್ತಿದ್ದೀರಿ. ಕೊಳದ ತಳದಲ್ಲಿರುವ ಹಾಗೆ ದಾರಿ ತೋರಿಸೋ ಕಪ್ಪು ಗೆರೆ ಸಮುದ್ರದಲ್ಲಿ ಇರಲ್ಲ ಅಲ್ವಾ.

ಮೊದಲು ಕೊಳದಲ್ಲೇ ಎಂಟತ್ತು ಸ್ಟ್ರೋಕಿಗೊಮ್ಮೆ ಕಣ್ಣಷ್ಟೇ ನೀರಿನ ಮೇಲೆ ಬರುವಂತೆ ಮುಂದೆ ನೋಡಿ, ಆಮೇಲೆ ಪಕ್ಕಕ್ಕೆ ತಿರುಗಿ ಉಸಿರು ತಗೊಳ್ಳಿ. ಪೂರ್ತಿ ತಲೆ ಎತ್ತಿದರೆ ಸೊಂಟ ಮುಳುಗುತ್ತೆ. ಅದು ರೂಢಿಯಾದ ಮೇಲೆ ಜೊತೆಗೊಬ್ಬರನ್ನು ಕರಕೊಂಡು ಸಮುದ್ರದಲ್ಲಿ ದಡದ ಉದ್ದಕ್ಕೆ ಈಜಿ. ಬೋಯ್ (ದಾರಿ ತೋರಿಸಲು ನೀರಿನ ಮೇಲೆ ತೇಲಿಬಿಟ್ಟ ಗುರುತು) ಎಷ್ಟೋ ಸಲ ಅಲೆ ಮರೆಗೆ ಕಾಣಲ್ಲ. ಅದರ ಹಿಂದಿನ ತೆಂಗಿನಮರವನ್ನೋ ಕಟ್ಟಡವನ್ನೋ ಗುರಿ ಇಟ್ಟುಕೊಳ್ಳಿ. ಹೋಗುವಾಗ ಬಲಕ್ಕೆ, ವಾಪಸ್ ಬರುವಾಗ ಎಡಕ್ಕೆ ವಾಲಿದರೆ ನೀರಿನ ಸೆಳೆತವೂ ಕಾರಣ ಇರಬಹುದು.

ಹಾಫ್ ಐರನ್‌ಮ್ಯಾನ್ (ಈಜು, ಸೈಕಲ್, ಓಟ ಮೂರೂ ಒಂದರ ಹಿಂದೊಂದು ಇರುವ ರೇಸ್) ಗುರಿ ಇದ್ದು, ಅದಕ್ಕೂ ಮೊದಲು 5 ಕಿ.ಮೀ. ಈಜು ರೇಸ್ ಮಾಡೋ ಯೋಚನೆ ಇದ್ದರೆ ಮಾಡಿ, ಆದರೆ ಅದು ಹಾಫ್ ಐರನ್‌ಮ್ಯಾನ್‌ಗೆ ಮೂರು ವಾರ ಮುಂಚೆಯಾದರೂ ಇರಲಿ. ಅಲ್ಲಿ ಈಜು 1.9 ಕಿ.ಮೀ. ಅಷ್ಟೇ. 5 ಕಿ.ಮೀ. ರೇಸಿನ ಮರುದಿನ ಭುಜಕ್ಕೆ ರಜೆ ಕೊಟ್ಟು, ಸುಮ್ನೆ ಹಗುರವಾಗಿ ಸೈಕಲ್ ತುಳಿಯಿರಿ.